ದೊಡ್ಡವರಿಗೆ ಕೋರ್ಸ್ ಯೋಜಿಸುವುದು ಹೇಗೆ: ಕೊನೆಯ ದಿನದಿಂದ ಶುರು ಮಾಡಿ

ದೊಡ್ಡವರಿಗೆ ಪಾಠ ಹೇಳಲು ಹೊರಟವರು ಬಹಳಷ್ಟು ಸಲ ಎಡವುವುದು ಒಂದೇ ಜಾಗದಲ್ಲಿ. ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಒಂದು ಹಾಳೆ ತೆಗೆದುಕೊಂಡು ಗೊತ್ತಿರುವುದನ್ನೆಲ್ಲ ಪಟ್ಟಿ ಮಾಡುತ್ತಾರೆ. ಅದನ್ನು ಹತ್ತು ತುಂಡು ಮಾಡಿ, ಒಂದೊಂದಕ್ಕೆ ಒಂದೊಂದು ತಾರೀಕು ಹಾಕುತ್ತಾರೆ. ಯೋಜನೆ ಮುಗೀತು ಅಂದುಕೊಳ್ಳುತ್ತಾರೆ. ಮೂರನೇ ಕ್ಲಾಸಿಗೇ ಪಾಠ ಹಿಂದೆ ಬಿದ್ದಿರುತ್ತದೆ. ಐದನೆಯದಕ್ಕೆ ಅರ್ಧ ಕುರ್ಚಿ ಖಾಲಿ. ಏಳನೆಯದರಲ್ಲಿ ಮೇಷ್ಟ್ರು ಓಡುತ್ತಿರುತ್ತಾರೆ, ಕೂತವರು ಸುಮ್ನೆ ತಲೆ ಆಡಿಸುತ್ತಿರುತ್ತಾರೆ.

ನಾನೂ ಹೀಗೇ ಮಾಡಿ, ಎರಡು ಬ್ಯಾಚು ಕೆಡಿಸಿದ ಮೇಲೆ ಪಟ್ಟಿ ಬರೆಯುವುದನ್ನು ಬಿಟ್ಟೆ. ಈಗ ಕೊನೆಯ ಕ್ಲಾಸಿನಿಂದ ಹಿಂದಕ್ಕೆ ಬರುತ್ತೇನೆ. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ. ಕ್ರಮ ಬದಲಿಸಬೇಡಿ, ಒಂದರ ಉತ್ತರ ಇನ್ನೊಂದಕ್ಕೆ ಬೇಕಾಗುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಂದೇ ಉದಾಹರಣೆ ಹಿಡಿದು ಹೋಗುತ್ತೇನೆ: ಸಣ್ಣ ವ್ಯಾಪಾರದ ಅಥವಾ ಸಂಘದ ಲೆಕ್ಕ ಇಡುವವರಿಗೆ ಸ್ಪ್ರೆಡ್‌ಶೀಟ್ (ಕಂಪ್ಯೂಟರಿನಲ್ಲಿ ಸಾಲು, ಕಾಲಮ್ಮುಗಳಿರುವ ಲೆಕ್ಕದ ಹಾಳೆ) ಕಲಿಸುವ ಕೋರ್ಸು. ಹತ್ತು ಕ್ಲಾಸು, ಒಂದೊಂದು 90 ನಿಮಿಷ. ನೀವು ಹೊಲಿಗೆ, ಭಾಷೆ, ಫೋಟೋಗ್ರಫಿ ಏನೇ ಕಲಿಸಿ, ಹಂತಗಳು ಇವೇ.

ಮೊದಲು ಇಷ್ಟು ಹತ್ತಿರ ಇಟ್ಟುಕೊಳ್ಳಿ

ಅಂಗೈ ಅಗಲದ ಐವತ್ತು ಅರವತ್ತು ಚೀಟಿ. ಒಂದು ದೊಡ್ಡ ಹಾಳೆ, ಅಥವಾ ಖಾಲಿ ಗೋಡೆ. ಪೆನ್ಸಿಲ್, ರಬ್ಬರ್. ಒಂದು ಗಡಿಯಾರ. ಕಂಪ್ಯೂಟರ್ ಈಗಲೇ ತೆರೆಯಬೇಡಿ. ಸ್ಲೈಡ್ ಮಾಡಲು ಕೂತರೆ ಯೋಜನೆ ಬದಿಗಾಗಿ ಅಲಂಕಾರ ಶುರುವಾಗುತ್ತದೆ. ಅಂದವಾಗಿ ಮಾಡಿದ ಸ್ಲೈಡನ್ನು ಆಮೇಲೆ ಕಿತ್ತು ಹಾಕಲು ಮನಸ್ಸೂ ಬರುವುದಿಲ್ಲ.

ಹಂತ 1: ಬರುವವರು ಯಾರು ಅಂತ ಕೇಳಿ ತಿಳಿಯಿರಿ

ಕೋರ್ಸಿಗೆ ಹೆಸರು ಕೊಟ್ಟವರಲ್ಲಿ ಐದಾರು ಜನರ ಜೊತೆಯಾದರೂ ಹತ್ತು ಹತ್ತು ನಿಮಿಷ ಮಾತಾಡಿ. ಫಾರ್ಮ್ ತುಂಬಿಸಿದರೆ ಸಾಲದು. "ಸ್ಪ್ರೆಡ್‌ಶೀಟ್ ಗೊತ್ತಾ?" ಅಂತ ಕೇಳಿದರೆ ಎಲ್ಲರೂ ಹೇಳುವುದು ಒಂದೇ, "ಸ್ವಲ್ಪ ಗೊತ್ತು". ಈ "ಸ್ವಲ್ಪ"ದಲ್ಲಿ ಫೈಲ್ ತೆರೆಯಲೂ ಬಾರದವರು ಇರುತ್ತಾರೆ, ಹತ್ತು ವರ್ಷ ಬಳಸಿದವರೂ ಇರುತ್ತಾರೆ.

ಪ್ರಶ್ನೆ ಹೀಗಿರಲಿ: "ಕೊನೆಯ ಸಲ ಯಾವಾಗ ತೆರೆದಿರಿ? ಏನು ಮಾಡಲು ಹೊರಟಿದ್ದಿರಿ? ಎಲ್ಲಿ ನಿಂತುಹೋಯಿತು?" ಮೂರನೇ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. "ಕೂಡಿಸಿದರೆ ಲೆಕ್ಕ ತಪ್ಪು ಬರುತ್ತೆ, ಕೊನೆಗೆ ಕ್ಯಾಲ್ಕುಲೇಟರಲ್ಲೇ ಮಾಡ್ತೀನಿ" ಅಂತ ಒಬ್ಬರು ಅಂದರೆ, ನಿಮಗೆ ಒಂದು ಇಡೀ ಪಾಠ ಸಿಕ್ಕಿದ ಹಾಗೆ.

ಇನ್ನೆರಡು ವಿಷಯ ಕೇಳಲು ಮರೆಯಬೇಡಿ. ವಾರದಲ್ಲಿ ಮನೆಯಲ್ಲಿ ಅಭ್ಯಾಸಕ್ಕೆ ನಿಜವಾಗಿ ಎಷ್ಟು ಹೊತ್ತು ಸಿಗುತ್ತದೆ? ಅಭ್ಯಾಸ ಮಾಡುವುದು ಯಾವುದರಲ್ಲಿ, ಲ್ಯಾಪ್‌ಟಾಪಿನಲ್ಲೋ ಮೊಬೈಲಿನಲ್ಲೋ? ಮೊಬೈಲ್ ಮಾತ್ರ ಇರುವವರು ನಾಲ್ಕು ಜನ ಇದ್ದರೆ ಹೋಮ್‌ವರ್ಕೇ ಬೇರೆ ಆಗಬೇಕು.

ಅಂದ ಹಾಗೆ, ನಲವತ್ತು ದಾಟಿದವರಲ್ಲಿ ಚಾಳೀಸು ಬಂದವರು ಇದ್ದೇ ಇರುತ್ತಾರೆ. ಕನ್ನಡಕ ಮರೆತು ಬಂದವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, "ಅರ್ಥ ಆಗ್ತಿಲ್ಲ" ಅನ್ನುತ್ತಾರೆ. ಅಕ್ಷರ ದೊಡ್ಡದಾಗಿರಲಿ. ಹಿಂದಿನ ಸಾಲಿನಲ್ಲಿ ಒಮ್ಮೆ ನೀವೇ ಕೂತು ನೋಡಿ.

ಹಂತ 2: ಕೊನೆಯ ಕ್ಲಾಸಿನ ಕೆಲಸವನ್ನು ಬರೆಯಿರಿ

ಕೊನೆಯ ದಿನ ಕಲಿತವರು ನಿಮ್ಮ ಕಣ್ಣೆದುರು ಏನು ಮಾಡಿ ತೋರಿಸಬೇಕು? ಒಂದೇ ಕೆಲಸ, ಒಂದೇ ಪ್ಯಾರಾ.

"ಸ್ಪ್ರೆಡ್‌ಶೀಟ್ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ" ಅಂತ ಬರೆದರೆ ಉಪಯೋಗವಿಲ್ಲ. ಅರ್ಥವಾಗಿದ್ದು ಕಣ್ಣಿಗೆ ಕಾಣುವುದಿಲ್ಲ. ಮಾಡಿದ್ದು ಕಾಣುತ್ತದೆ. ನಮ್ಮ ಕೋರ್ಸಿಗೆ ನಾನು ಬರೆದದ್ದು ಇದು: "30 ಬಿಲ್ಲುಗಳ ಕಟ್ಟು ಕೊಟ್ಟರೆ, ಯಾರನ್ನೂ ಕೇಳದೆ, ತಮ್ಮ ಟಿಪ್ಪಣಿ ನೋಡಿಕೊಂಡು, 60 ನಿಮಿಷದೊಳಗೆ ಖರ್ಚಿನ ಹಾಳೆ ತಯಾರಿಸುತ್ತಾರೆ. ಬಾಬ್ತುವಾರು ಮೊತ್ತ ಸರಿಯಾಗಿರಬೇಕು. ಇನ್ನೊಂದು ಬಿಲ್ ಸೇರಿಸಿದರೆ ಮೊತ್ತ ತಾನಾಗಿ ಬದಲಾಗಬೇಕು."

ಇದರಲ್ಲಿ ಮೂರು ವಿಷಯ ಇವೆ ನೋಡಿ: ಏನು ಮಾಡಬೇಕು, ಯಾವ ಸ್ಥಿತಿಯಲ್ಲಿ ಮಾಡಬೇಕು, ಎಷ್ಟು ಸರಿ ಇದ್ದರೆ ಸಾಕು. ಒಂದು ಬಿಟ್ಟರೂ ಮುಂದಿನ ಹಂತ ಜಾರುತ್ತದೆ. "ಟಿಪ್ಪಣಿ ನೋಡಿಕೊಂಡು" ಅನ್ನುವ ಎರಡು ಪದವೇ ನನಗೆ ಸುಮಾರು ಎರಡು ಕ್ಲಾಸು ಉಳಿಸಿತು, ಯಾಕೆಂದರೆ ಬಾಯಿಪಾಠ ಮಾಡಿಸುವ ಕೆಲಸವೇ ತಪ್ಪಿತು.

ಎಚ್ಚರಿಕೆ: ಈ ಪ್ಯಾರಾದಲ್ಲಿ "ಮತ್ತು" ಅನ್ನುವ ಪದ ಮೂರಕ್ಕಿಂತ ಜಾಸ್ತಿ ಬಂದರೆ ನೀವು ಒಂದರ ಬದಲು ಎರಡು ಕೋರ್ಸು ಬರೆಯುತ್ತಿದ್ದೀರಿ.

ಹಂತ 3: ಆ ಕೆಲಸವನ್ನು ಚೀಟಿಗಳಾಗಿ ಬಿಡಿಸಿ

ಈಗ ಆ ಕೆಲಸವನ್ನು ನೀವೇ ಕೂತು ಮಾಡಿ. ಕೈ ಮಾಡುವ ಪ್ರತಿಯೊಂದು ಚಲನೆಗೆ, ತಲೆ ಮಾಡುವ ಪ್ರತಿಯೊಂದು ತೀರ್ಮಾನಕ್ಕೆ ಒಂದೊಂದು ಚೀಟಿ. "ಫೈಲನ್ನು ಹುಡುಕಿದರೆ ಸಿಗುವ ಕಡೆ ಉಳಿಸುವುದು", "ಒಂದು ಕೋಶಕ್ಕೆ (ಹಾಳೆಯ ಒಂದು ಚೌಕಕ್ಕೆ) ಒಂದೇ ಸಂಗತಿ", "ಮೊತ್ತದ ಸೂತ್ರ", "ಸೂತ್ರವನ್ನು ಕೆಳಗೆ ಎಳೆಯುವುದು", ಹೀಗೆ.

ನಿಮ್ಮೊಬ್ಬರ ಚೀಟಿಗಳನ್ನು ನಂಬಬೇಡಿ. ಪಳಗಿದ ಕೈ ತಾನು ಏನು ಮಾಡುತ್ತಿದ್ದೇನೆ ಅನ್ನುವುದನ್ನೇ ಗಮನಿಸುವುದಿಲ್ಲ. ವಿಷಯ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ, ಅದೇ ಕೆಲಸ ಕೊಟ್ಟು, ಹಿಂದೆ ನಿಂತು ನೋಡಿ. ಬಾಯಿ ಮುಚ್ಚಿಕೊಂಡು ನೋಡಿ, ಇದೇ ಕಷ್ಟ. ನಾನು ಹೀಗೆ ನಿಂತಾಗ ಒಬ್ಬರು ಪ್ರಮಾಣದ ಕಾಲಮ್ಮಿನಲ್ಲಿ "5 ಕೆಜಿ" ಅಂತ ಟೈಪ್ ಮಾಡಿದರು. ಕೆಳಗಿನ ಸಾಲಿನಲ್ಲಿ ಬರೀ 3. ಮೊತ್ತ ತೆಗೆದರೆ 3 ಬಂತು. ಅಂಕಿಯ ಜೊತೆ ಅಕ್ಷರ ಸೇರಿದರೆ ಸ್ಪ್ರೆಡ್‌ಶೀಟ್ ಅದನ್ನು ಬರಹ ಅಂತ ಎಣಿಸುತ್ತದೆ, ಮೊತ್ತದ ಸೂತ್ರ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಎಚ್ಚರಿಕೆಯ ಗಂಟೆಯೂ ಇಲ್ಲ. ಮೊದಲ ಮಾತುಕತೆಯಲ್ಲಿ "ಲೆಕ್ಕ ತಪ್ಪು ಬರುತ್ತೆ" ಅಂದವರ ರೋಗ ಇದೇ ಇರಬೇಕು ಅಂತ ಆಗ ಹೊಳೆಯಿತು. ನನ್ನ ಪಟ್ಟಿಯಲ್ಲಿ ಈ ಚೀಟಿಯೇ ಇರಲಿಲ್ಲ.

ಚೀಟಿಗಳನ್ನು ಮೂರು ಗುಂಪು ಮಾಡಿ. ಇದಿಲ್ಲದೆ ಕೊನೆಯ ಕೆಲಸ ಆಗುವುದೇ ಇಲ್ಲ ಅನ್ನುವವು. ಇದ್ದರೆ ಸಲೀಸು ಅನ್ನುವವು. ನಿಮಗೆ ಇಷ್ಟ ಅಂತ ಮಾತ್ರ ಬಂದು ಕೂತವು. ಮೂರನೇ ಗುಂಪನ್ನು ಈಗಲೇ ಒಂದು ಲಕೋಟೆಗೆ ಹಾಕಿ ಅಂಟಿಸಿ. ನನ್ನ ಲಕೋಟೆಗೆ ಮೊದಲು ಹೋದದ್ದು ಬಣ್ಣಬಣ್ಣದ ಚಾರ್ಟುಗಳು. ಹೊಟ್ಟೆ ಉರಿಯಿತು, ಆದರೆ ಚಾರ್ಟ್ ಇಲ್ಲದಿದ್ದರೂ ಲೆಕ್ಕ ನಡೆಯುತ್ತದೆ ಅಲ್ವಾ.

ಹಂತ 4: ಕೈಗೆ ಸಿಗುವ ಸಮಯವನ್ನು ಲೆಕ್ಕ ಹಾಕಿ

ಹತ್ತು ಕ್ಲಾಸು, 90 ನಿಮಿಷ ಅಂದರೆ 15 ಗಂಟೆ. ಕೇಳಲು ಬೇಕಾದಷ್ಟಿದೆ. ಈಗ ಕಳೆಯುತ್ತಾ ಬನ್ನಿ.

ಕೊನೆಯ ಕ್ಲಾಸು ಕೊನೆಯ ಕೆಲಸಕ್ಕೆ. ಒಂದು ಕ್ಲಾಸನ್ನು ಪೂರ್ತಿ ಖಾಲಿ ಬಿಡಬೇಕು (ಯಾಕೆ ಅಂತ ಮುಂದೆ ಹೇಳುತ್ತೇನೆ). ಉಳಿದದ್ದು ಎಂಟು. ಪ್ರತಿ ಕ್ಲಾಸಿನಲ್ಲಿ ಬಂದು ಕೂರಲು, ನಡುವಿನ ಬಿಡುವಿಗೆ, ಕೊನೆಯ ಮಾತುಕತೆಗೆ ಒಟ್ಟು 20 ನಿಮಿಷ ಹೋಗುತ್ತದೆ. ಹಿಂದಿನದನ್ನು ನೆನಪಿಸಲು 10 ನಿಮಿಷ. ಉಳಿದದ್ದು 60 ನಿಮಿಷ. ಎಂಟು ಕ್ಲಾಸಿಗೆ ಎಂಟು ಗಂಟೆ.

ಅಂದರೆ 15 ಗಂಟೆಯ ಕೋರ್ಸಿನಲ್ಲಿ ಹೊಸದನ್ನು ಕಲಿಸಿ ಅಭ್ಯಾಸ ಮಾಡಿಸಲು ನಿಮಗೆ ಸಿಗುವುದು 8 ಗಂಟೆ. ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಅವರ ಕೈ ಓಡುವುದಕ್ಕೆ ಹೋಗಬೇಕು. ಯೋಜನೆಗಳು ಮೂರನೇ ವಾರದಲ್ಲಿ ಹಿಂದೆ ಬೀಳುವುದು ಈ ಕಳೆಯುವ ಲೆಕ್ಕ ಮಾಡದೇ ಇರುವುದರಿಂದ.

ಇನ್ನೊಂದು ಅಳತೆ. ಕೆಲಸವನ್ನು ನೀವು ಮಾಡಲು ಎಷ್ಟು ಹೊತ್ತು ಹಿಡಿಯುತ್ತದೋ ಅದರ ಮೂರು ಪಟ್ಟನ್ನು ಕಲಿಯುವವರಿಗೆ ಇಡಿ. ಮೂರು ಪಟ್ಟು ಅನ್ನುವುದು ನನ್ನ ಕೈಲೆಕ್ಕ ಅಷ್ಟೇ, ಮೊದಲ ಎರಡು ಕ್ಲಾಸು ನಡೆಸಿದ ಮೇಲೆ ನಿಮ್ಮದನ್ನು ನೀವು ತಿದ್ದಿಕೊಳ್ಳಿ.

ಹಂತ 5: ಚೀಟಿಗಳನ್ನು ಸಾಲಾಗಿ ಜೋಡಿಸಿ

ದೊಡ್ಡ ಹಾಳೆಯ ಮೇಲೆ ಹತ್ತು ಕಾಲಮ್ ಎಳೆಯಿರಿ. ಕೊನೆಯದರಲ್ಲಿ ಕೊನೆಯ ಕೆಲಸ. ಏಳನೆಯದನ್ನು ಖಾಲಿ ಬಿಡಿ. ಕೊನೆಯ ಕಾಲಮ್ಮಿನಿಂದ ಹಿಂದಕ್ಕೆ ಬರುತ್ತಾ, "ಇದನ್ನು ಮಾಡಲು ಇದಕ್ಕೂ ಮೊದಲು ಏನು ಬರಬೇಕು?" ಅಂತ ಕೇಳಿಕೊಂಡು ಚೀಟಿ ಅಂಟಿಸಿ.

ಒಂದು ಕ್ಲಾಸಿಗೆ ಹೊಸ ಚೀಟಿ ಎರಡು, ಹೆಚ್ಚೆಂದರೆ ಮೂರು. ಮನಸ್ಸು ಒಂದೇ ಹೊತ್ತಿಗೆ ಹಿಡಿದಿಟ್ಟುಕೊಳ್ಳುವ ಹೊಸ ಸಂಗತಿಗಳು ಸುಮಾರು ನಾಲ್ಕು ಅಂತ ಮನಶ್ಶಾಸ್ತ್ರಜ್ಞ ನೆಲ್ಸನ್ ಕೊವಾನ್ 2001ರಲ್ಲಿ ವಾದಿಸಿದರು. ದಿನವಿಡೀ ದುಡಿದು ಸಂಜೆ ಬಂದು ಕೂತವರ ತಲೆಯಲ್ಲಿ ಅದರಲ್ಲೂ ಒಂದು ಜಾಗ ಮನೆಯ ಯೋಚನೆಗೇ ಹೋಗಿರುತ್ತದೆ.

ಮೊದಲ ಕ್ಲಾಸಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಕೋರ್ಸು ಬಿಡುವವರಲ್ಲಿ ಹಲವರು ಬಿಡುವುದು ಅದಾದ ಮೇಲೆಯೇ. ಪರಿಚಯ, ನಿಯಮ, ಮೆನುವಿನ ಹೆಸರುಗಳು ಅಂತ 90 ನಿಮಿಷ ಕಳೆಯಬೇಡಿ. ಮಕ್ಕಳಾದರೆ "ಮುಂದೆ ಬೇಕಾಗುತ್ತೆ" ಅಂದರೆ ಕೂರುತ್ತಾರೆ. ದೊಡ್ಡವರಿಗೆ ಇದು ಯಾಕೆ ಅಂತ ಮೊದಲೇ ತಿಳಿಯಬೇಕು. ವಯಸ್ಕರ ಕಲಿಕೆಯ ಬಗ್ಗೆ ಬರೆದ ಮಾಲ್ಕಮ್ ನೋಲ್ಸ್ ಒತ್ತಿ ಹೇಳಿದ ಮಾತುಗಳಲ್ಲಿ ಇದೂ ಒಂದು. ಹಾಗಾಗಿ ಮೊದಲ ದಿನವೇ ಕೊನೆಯ ದಿನದ ಕೆಲಸವನ್ನು ಐದು ನಿಮಿಷದಲ್ಲಿ ಮಾಡಿ ತೋರಿಸಿ. ಆಮೇಲೆ ಅದರ ಒಂದು ಪುಟಾಣಿ ತುಂಡನ್ನು ಅವರಿಂದಲೇ ಮಾಡಿಸಿ. ಹತ್ತು ಸಾಲಿನ ಖರ್ಚು, ಕೆಳಗೆ ಮೊತ್ತ. ನಾಳೆ ಬೆಳಿಗ್ಗೆ ಬಳಸುವಂಥದ್ದೊಂದು ಕೈಯಲ್ಲಿಟ್ಟುಕೊಂಡು ಹೋಗಲಿ.

ಕಠಿಣವಾದ ಎರಡು ಚೀಟಿ ಅಕ್ಕಪಕ್ಕ ಬೀಳದಿರಲಿ. ಕಠಿಣವಾದದ್ದು ಕ್ಲಾಸಿನ ಕೊನೆಯ ಅರ್ಧಗಂಟೆಗೂ ಬೀಳದಿರಲಿ.

ಇನ್ನು ಮರಳಿ ಬರುವ ಚೀಟಿಗಳು. ಒಮ್ಮೆ ಕಲಿತದ್ದರಲ್ಲಿ ಹೆಚ್ಚಿನ ಭಾಗ ಮೊದಲ ಒಂದೆರಡು ದಿನದಲ್ಲೇ ಜಾರುತ್ತದೆ. ಜರ್ಮನ್ ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಇದನ್ನು ತೋರಿಸಿದ್ದ. ಆದ್ದರಿಂದ ಪ್ರತಿ ಮುಖ್ಯ ಚೀಟಿಗೆ ಮೂರು ನಕಲು ಮಾಡಿ: ಎರಡನೇ ಕ್ಲಾಸಿನಲ್ಲಿ ಕಲಿಸಿದ್ದು ಮೂರನೆಯದರಲ್ಲಿ, ಐದರಲ್ಲಿ, ಒಂಬತ್ತರಲ್ಲಿ ಮತ್ತೆ ಬರಲಿ. ಬಂದಾಗ ನೀವು ಮತ್ತೆ ವಿವರಿಸಬೇಡಿ. ಪುಸ್ತಕ ಮುಚ್ಚಿಸಿ ಅವರನ್ನೇ ಮಾಡಲು ಹೇಳಿ. ಓದಿದ್ದನ್ನೇ ಮತ್ತೆ ಓದಿದವರಿಗಿಂತ, ನೆನಪಿನಿಂದ ಬರೆದು ನೋಡಿದವರಿಗೆ ಒಂದು ವಾರದ ನಂತರ ಜಾಸ್ತಿ ಉಳಿದಿತ್ತು ಅಂತ 2006ರಲ್ಲಿ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಪ್ರಯೋಗಗಳಲ್ಲಿ ಕಂಡರು. ತಮಾಷೆ ಅಂದರೆ, ಐದು ನಿಮಿಷದ ನಂತರ ನೋಡಿದಾಗ ಮತ್ತೆ ಓದಿದವರೇ ಮುಂದಿದ್ದರು. ಕ್ಲಾಸು ಮುಗಿಯುವ ಹೊತ್ತಿಗೆ "ಎಲ್ಲ ಬಂತು" ಅಂತ ಅನ್ನಿಸಿದ್ದನ್ನು ನಂಬಬಾರದು ಅನ್ನುವುದು ಇದಕ್ಕೇ.

ಹಂತ 6: ಒಂದು ಕ್ಲಾಸನ್ನು ನಿಮಿಷದ ಲೆಕ್ಕದಲ್ಲಿ ಬರೆಯಿರಿ

ಎಲ್ಲ ಹತ್ತನ್ನೂ ಈಗಲೇ ವಿವರವಾಗಿ ಬರೆಯಬೇಡಿ. ಮೊದಲ ಎರಡು, ಮತ್ತು ಅತಿ ಕಠಿಣವಾದ ಒಂದು, ಸಾಕು. ನಮ್ಮಲ್ಲಿ ಕಠಿಣವಾದದ್ದು ಐದನೆಯದು, ಸೂತ್ರದಲ್ಲಿ ಡಾಲರ್ ಚಿಹ್ನೆ ಹಾಕುವ ಪಾಠ. ಅದು ಹೀಗೆ ಸಾಗುತ್ತದೆ.

0–7: ಬಂದು ಕೂರುತ್ತಾರೆ. ಬೋರ್ಡಿನ ಮೇಲೆ ಆಗಲೇ ಒಂದು ಪ್ರಶ್ನೆ ಇರುತ್ತದೆ. ಬೇಗ ಬಂದವರು ಸುಮ್ನೆ ಕೂರಬಾರದು, ತಡವಾದವರು ಪಾಠ ಕಳೆದುಕೊಳ್ಳಬಾರದು.

7–17: ಹಿಂದಿನ ಎರಡು ಚೀಟಿ, ಟಿಪ್ಪಣಿ ನೋಡದೆ.

17–29: ಕೆಟ್ಟುಹೋಗುವ ಲೆಕ್ಕ. ಬಿ ಕಾಲಮ್ಮಿನಲ್ಲಿ ಸಾಮಾನಿನ ಬೆಲೆಗಳು, ಇ1 ಕೋಶದಲ್ಲಿ ರಿಯಾಯಿತಿಯ ದರ, ಅದರ ಕೆಳಗೆಲ್ಲ ಖಾಲಿ. ಮೊದಲ ಸಾಮಾನಿಗೆ =ಬಿ2*ಇ1 ಅಂತ ಬರೆಸುತ್ತೇನೆ. ಉತ್ತರ ಸರಿ. ಈಗ ಸೂತ್ರವನ್ನು ಕೆಳಗಿನ ಸಾಲುಗಳಿಗೂ ಎಳೆಯಿರಿ ಅನ್ನುತ್ತೇನೆ. ಸಾಲಾಗಿ ಸೊನ್ನೆ, ಸೊನ್ನೆ, ಸೊನ್ನೆ. ಕ್ಲಾಸಿನಲ್ಲಿ ಗುಜುಗುಜು. ಎರಡನೇ ಸೊನ್ನೆಯ ಮೇಲೆ ಕ್ಲಿಕ್ ಮಾಡಿ ಸೂತ್ರ ಓದಿ ಅನ್ನುತ್ತೇನೆ. "ಬಿ4, ಇ3... ಅಯ್ಯೋ, ಇ ಕೂಡ ಇಳಿದುಬಿಟ್ಟಿದೆ!" ಈ ಮಾತು ಅವರ ಬಾಯಿಂದ ಬರುವ ತನಕ ನಾನು ಬಾಯಿ ಬಿಡುವುದಿಲ್ಲ.

29–39: ಆಗ ಪರಿಹಾರ. =ಬಿ2*$ಇ$1. ಡಾಲರ್ ಅಂದರೆ ಹಣ ಅಲ್ಲ, ಆ ಕೋಶಕ್ಕೆ ಹೊಡೆದ ಮೊಳೆ. ಎಲ್ಲಿಗೆ ಎಳೆದರೂ ಅದು ಅಲ್ಲಾಡುವುದಿಲ್ಲ.

39–44: ಬಿಡುವು.

44–82: ಅಭ್ಯಾಸ. ಮೊದಲ ಕಾಲು ಗಂಟೆ ಇಬ್ಬಿಬ್ಬರು ಸೇರಿ ಒಂದು ಕಂಪ್ಯೂಟರಿನಲ್ಲಿ, ಒಬ್ಬರು ಹೇಳುವುದು, ಇನ್ನೊಬ್ಬರು ಟೈಪ್ ಮಾಡುವುದು. ಆಮೇಲೆ ಅವರವರ ಸ್ವಂತ ಲೆಕ್ಕದಲ್ಲಿ. ನಾನು ಸುತ್ತುತ್ತೇನೆ, ಯಾರ ಮೌಸನ್ನೂ ಮುಟ್ಟುವುದಿಲ್ಲ.

82–90: ಕಲಿತವರು ಬರೆದುಕೊಡುವ ಚೀಟಿ (ಹಂತ 9ರಲ್ಲಿದೆ), ಹೋಮ್‌ವರ್ಕ್.

ಸಾಮಾನ್ಯ ತಪ್ಪು ಇಲ್ಲೇ ಇದೆ: 29ನೇ ನಿಮಿಷದ್ದನ್ನು ಮೊದಲಿಗೆ ತಂದುಬಿಡುವುದು. ತೊಂದರೆ ಕಾಣುವ ಮೊದಲೇ ಮದ್ದು ಕೊಟ್ಟರೆ ಯಾರಿಗೂ ಅದರ ರುಚಿ ಹತ್ತುವುದಿಲ್ಲ. ಇನ್ನೊಂದು ತಪ್ಪು, ಮೌಸ್ ಕಿತ್ತುಕೊಂಡು "ಕೊಡಿ, ನಾನು ಮಾಡ್ತೀನಿ" ಅನ್ನುವುದು. ಕೆಲಸ ಆಗುತ್ತದೆ, ಕಲಿಕೆ ಆಗುವುದಿಲ್ಲ. ಅಪ್ಪನ ವಯಸ್ಸಿನವರಿಗೆ ಅವಮಾನವೂ ಆಗುತ್ತದೆ.

ಹಂತ 7: ತಪ್ಪಿಸಿಕೊಳ್ಳುವವರಿಗೆ ಈಗಲೇ ದಾರಿ ಮಾಡಿ

ದೊಡ್ಡವರು ಕ್ಲಾಸು ತಪ್ಪಿಸುತ್ತಾರೆ. ಮಗುವಿಗೆ ಜ್ವರ, ಕೆಲಸದಲ್ಲಿ ತಡ. ಇದನ್ನು ಶಿಸ್ತಿನ ವಿಷಯ ಮಾಡಬೇಡಿ, ಯೋಜನೆಯಲ್ಲೇ ಜಾಗ ಕೊಡಿ.

ಪ್ರತಿ ಕ್ಲಾಸಿಗೆ ಒಂದು ಪುಟ, ಒಂದೇ ಪುಟ: ಇವತ್ತಿನ ಎರಡು ಮೂರು ಸಂಗತಿ, ಮಾಡಿ ತೋರಿಸಿದ ಉದಾಹರಣೆ, ಒಂದು ಅಭ್ಯಾಸ. ಪ್ರತಿಯೊಬ್ಬರಿಗೂ ಮೊದಲ ದಿನವೇ ಒಬ್ಬ ಜೊತೆಗಾರ. ತಪ್ಪಿಸಿಕೊಂಡವರು ನಿಮಗೆ ಫೋನ್ ಮಾಡಲು ಹಿಂಜರಿಯುತ್ತಾರೆ, ಜೊತೆಗಾರರಿಗೆ ಮಾಡುತ್ತಾರೆ. ಒಂದು ಕ್ಲಾಸು ತಪ್ಪಿದರೆ ಮುಂದಿನದು ಒಂದಕ್ಷರ ತಿಳಿಯದು ಅನ್ನುವ ಹಾಗಿದ್ದರೆ ನಿಮ್ಮ ಸಾಲು ತೀರಾ ಬಿಗಿಯಾಗಿದೆ, ಐದನೇ ಹಂತಕ್ಕೆ ವಾಪಸ್ ಹೋಗಿ.

ಹೋಮ್‌ವರ್ಕ್ 15 ನಿಮಿಷ ದಾಟದಿರಲಿ, ಅವರ ಸ್ವಂತ ಕೆಲಸದ ಮೇಲೆ ಇರಲಿ. ಮಾಡದೆ ಬಂದವರೂ ಮುಂದಿನ ಪಾಠ ಹಿಡಿಯುವಂತಿರಲಿ.

ಹಂತ 8: ಇಬ್ಬರ ಮೇಲೆ ಪ್ರಯೋಗ ಮಾಡಿ ನೋಡಿ

ಬರೆದಿಟ್ಟ ಕಠಿಣ ಕ್ಲಾಸನ್ನು ಪರಿಚಯದ ಇಬ್ಬರಿಗೆ, ಗಡಿಯಾರ ಇಟ್ಟುಕೊಂಡು, ಪೂರ್ತಿ ನಡೆಸಿ. ಎಲ್ಲಿ ಬರೆದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು ಅನ್ನುವುದನ್ನು ಗುರುತು ಹಾಕಿ. ಒಬ್ಬರೇ ಕನ್ನಡಿ ಮುಂದೆ ಮಾಡಿ ನೋಡುವುದು ಲೆಕ್ಕಕ್ಕಿಲ್ಲ. ಕನ್ನಡಿ ಪ್ರಶ್ನೆ ಕೇಳುವುದಿಲ್ಲ.

ಹಂತ 9: ನಡೆಯುವಾಗ ತಿದ್ದಿ

ಪ್ರತಿ ಕ್ಲಾಸಿನ ಕೊನೆಗೆ ಎಲ್ಲರಿಗೂ ಒಂದು ಖಾಲಿ ಚೀಟಿ. ಹೆಸರು ಬೇಡ. ಎರಡು ಸಾಲು: ಇವತ್ತು ಮನೆಯಲ್ಲಿ ಏನನ್ನು ಬಳಸುತ್ತೀರಿ? ಎಲ್ಲಿ ಕೈಬಿಟ್ಟು ಹೋಯಿತು? ಮನೆಗೆ ಹೋಗುವ ಮೊದಲೇ ಓದಿ. ಮೂರು ಚೀಟಿಯಲ್ಲಿ ಒಂದೇ ಮಾತು ಬಂದರೆ ಅದು ಮುಂದಿನ ಕ್ಲಾಸಿನ ಮೊದಲ ಹತ್ತು ನಿಮಿಷಕ್ಕೆ ಹೋಗುತ್ತದೆ.

ಕಣ್ಣಿಡಬೇಕಾದ ಲಕ್ಷಣಗಳು ಇವು:

- "ಡೌಟ್ ಇದೆಯಾ?" ಅಂದರೆ ಪೂರ್ತಿ ಮೌನ. ಇದು ಅರ್ಥವಾದ ಗುರುತಲ್ಲ. ಕೇಳುವುದು ಬಿಟ್ಟು ಒಂದು ಸಣ್ಣ ಕೆಲಸ ಕೊಟ್ಟು ನೋಡಿ.
- ಉತ್ತರ ಯಾವಾಗಲೂ ಅದೇ ಇಬ್ಬರಿಂದ. ನೀವು ಆ ಇಬ್ಬರ ವೇಗಕ್ಕೆ ಪಾಠ ಮಾಡುತ್ತಿದ್ದೀರಿ.
- ಬೋರ್ಡಿನ ಫೋಟೋ ತೆಗೆಯುವವರು ಜಾಸ್ತಿಯಾದರು. ಹಿಡಿಯಲಾಗದೆ, ಮನೆಯಲ್ಲಿ ನೋಡೋಣ ಅಂತ ಬಿಟ್ಟುಕೊಟ್ಟಿದ್ದಾರೆ.
- ನಿಮ್ಮ ಗಂಟಲು ನೋಯುತ್ತಿದೆ. ಒಂದೇ ಸಮನೆ 15 ನಿಮಿಷ ದಾಟಿ ಮಾತಾಡುತ್ತಿದ್ದೀರಿ ಅಂತ ಲೆಕ್ಕ.
- ಬಿಡುವಿನ ನಂತರ ಬ್ಯಾಗು ಹಿಡಿದು ಹೊರಟವರು. ಮರುದಿನವೇ ಫೋನ್ ಮಾಡಿ. ಎರಡನೇ ಸಲ ತಪ್ಪಿಸಿದ ಮೇಲೆ ಕರೆತರುವುದು ಬಹಳ ಕಷ್ಟ.

ಖಾಲಿ ಬಿಟ್ಟ ಏಳನೇ ಕ್ಲಾಸು ಕೆಲಸಕ್ಕೆ ಬರುವುದು ಈಗ. ನಾಲ್ಕರಲ್ಲಿ ಉಳಿದದ್ದು, ಐದರಲ್ಲಿ ಬಗ್ಗದೇ ಹೋದದ್ದು ಅಲ್ಲಿಗೆ ಬರುತ್ತದೆ. ಏನೂ ಉಳಿದಿರದಿದ್ದರೆ (ನನಗೆ ಇನ್ನೂ ಆ ಭಾಗ್ಯ ಬಂದಿಲ್ಲ) 15 ಬಿಲ್ಲುಗಳ ಸಣ್ಣ ಕಟ್ಟು ಕೊಟ್ಟು ಕೊನೆಯ ಕೆಲಸದ ತಾಲೀಮು ಮಾಡಿಸಿ. ಅದನ್ನು ಮೊದಲೇ ಹೊಸ ಪಾಠದಿಂದ ತುಂಬಿಸುವ ಆಸೆ ಬರುತ್ತದೆ. ಬೇಡ.

ಹಂತ 10: ಕೊನೆಯ ದಿನ, ಮತ್ತು ಅದರ ನಂತರ

ಕೊನೆಯ ಕ್ಲಾಸಿನಲ್ಲಿ ಹೊಸದೇನೂ ಇಲ್ಲ. ಬಿಲ್ಲುಗಳ ಕಟ್ಟು ಕೊಡಿ, ಗಡಿಯಾರ ತೋರಿಸಿ, ಹಿಂದೆ ಸರಿದು ಕೂತುಕೊಳ್ಳಿ. ಇದನ್ನು ಪರೀಕ್ಷೆ ಅಂತ ಕರೆಯಬೇಡಿ. ಶಾಲೆ ಬಿಟ್ಟು ಇಪ್ಪತ್ತು ವರ್ಷ ಆದವರಿಗೂ ಆ ಪದ ಕೇಳಿದರೆ ಅಂಗೈ ಬೆವರುತ್ತದೆ. ಯಾರು ಎಲ್ಲಿ ನಿಂತರು ಅನ್ನುವುದನ್ನು ಮಾತ್ರ ಬರೆದುಕೊಳ್ಳಿ. ಒಂದೇ ಜಾಗದಲ್ಲಿ ಮೂರ್ನಾಲ್ಕು ಜನ ನಿಂತರೆ ಆ ಚೀಟಿಯ ಮೇಲೆ ಕೆಂಪು ಗುರುತು, ಮುಂದಿನ ಬ್ಯಾಚಿನಲ್ಲಿ ಅದಕ್ಕೆ ಇನ್ನೊಂದು ಅರ್ಧಗಂಟೆ.

ಒಂದು ತಿಂಗಳ ನಂತರದ ತಾರೀಕೊಂದನ್ನು ಅಂದೇ ಗುರುತು ಮಾಡಿಕೊಳ್ಳಿ. ಆ ದಿನ ಎಲ್ಲರಿಗೂ ಫೋನ್ ಮಾಡಿ ಹಳೆಯ ಪ್ರಶ್ನೆಯನ್ನೇ ಕೇಳಿ: "ಕೊನೆಯ ಸಲ ಯಾವಾಗ ತೆರೆದಿರಿ? ಎಲ್ಲಿ ನಿಂತುಹೋಯಿತು?" ಉತ್ತರಗಳನ್ನು ಬರೆದುಕೊಂಡ ಮೇಲೆ ಆ ಅಂಟಿಸಿದ ಲಕೋಟೆ ಬಿಚ್ಚಿ. ಫೋನಿನಲ್ಲಿ ಯಾರಾದರೂ ಚಾರ್ಟು ಕೇಳಿದ್ದರೆ ಆ ಚೀಟಿಯನ್ನು ಹೊರಗೆ ತೆಗೆಯಬಹುದು. ಕೇಳಿರದಿದ್ದರೆ ಮತ್ತೆ ಅಂಟಿಸಿ ಇಡಿ.